ನಾಳೆಯಮ್ಮನ ಒಂದು ಗಂಟೆ

ದರ್ಜಿ ಅಂದಮೇಲೆ 'ನಾಳೆ ಬನ್ನಿ' ಅನ್ನದೆ ಇರುತ್ತಾರೆಯೇ? ಆದರೆ ಈ ದರ್ಜಿಯಮ್ಮ ಅದನ್ನು ಎಷ್ಟು ಸಲ ಅಂದಿದ್ದಳೆಂದರೆ, ಬೀದಿಯವರ ಬಾಯಲ್ಲಿ ಅವಳ ಹೆಸರೇ ನಾಳೆಯಮ್ಮ ಎಂದಾಗಿತ್ತು. ಊರವರಿಗೆಲ್ಲ ನಾಳೆಯಾದರೆ ಹೆತ್ತ ಮಗಳಿಗೆ ನಾಡಿದ್ದು. ದೀಪದ ಬುಡದಲ್ಲೇ ಕತ್ತಲೆ ನೋಡಿ! ಹುಟ್ಟುಹಬ್ಬವಿರಲಿ, ಶಾಲೆಯ ನಾಟಕವಿರಲಿ, ಅರ್ಧ ಹೊಲಿದ ಬಟ್ಟೆಯನ್ನು ಮಗಳಿಗೆ ತೊಡಿಸಿ, ಉಳಿದ ಹೊಲಿಗೆಯನ್ನು ಅವಳ ಮೈಮೇಲೆಯೇ ಹಾಕುತ್ತಿದ್ದಳು. "ನೆಟ್ಟಗೆ ನಿಂತ್ಕೊಳ್ಳೇ, ಸೂಜಿ ಚುಚ್ಚೀತು!"

ಆ ಮಗಳಿಗೀಗ ದೂರದ ದೇಶದಲ್ಲಿ ಮದುವೆ. ಫೋನಿನಲ್ಲಿ ಗೋಗರೆದಿದ್ದಳು: "ಅಮ್ಮಾ, ನಿಂಗೆ ಕೈ ಮುಗೀತೀನಿ. ಇದೊಂದು ಗೌನನ್ನಾದ್ರೂ ಪೂರ್ತಿ ಹೊಲಿದು ತಗೊಂಡು ಬಾ."

"ನಿನ್ನಾಣೆ ಕಣೇ" ಎಂದಿದ್ದಳು ನಾಳೆಯಮ್ಮ.

ಹೊರಡುವ ಬೆಳಿಗ್ಗೆ ನೋಡಿದರೆ ಅಂಚು ಅರ್ಧ ಬಾಕಿ, ಬೆನ್ನಿನ ಗುಂಡಿ ಒಂದೂ ಹಾಕಿಲ್ಲ. ಮದುವೆ ಅದೇ ದಿನ ಸಂಜೆ. ಮೇಲಾಗಿ ಗಂಡ ಟಿಕೆಟ್ ಹಿಡಿದು ಬೀಗುತ್ತಿದ್ದ: "ಹತ್ತಕ್ಕೆ ಹೊರಟು ಹನ್ನೊಂದಕ್ಕೆ ಇಳಿಯುತ್ತೆ. ಒಂದೇ ಗಂಟೆ ಕಣೇ, ಬಸ್ಸಿಗಿಂತ ವಾಸಿ!"

ನಾಳೆಯಮ್ಮ ಗೌನು, ಸೂಜಿದಾರ, ಕತ್ತರಿಯನ್ನು ಕೈಚೀಲಕ್ಕೆ ತುರುಕಿಕೊಂಡಳು. ಒಂದು ಗಂಟೆಯಲ್ಲಿ ಆಗುವ ಕೆಲಸವೇ ಅದು?

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕತ್ತರಿ ಕಿತ್ತುಕೊಂಡರು, ಸೂಜಿ ಬಿಟ್ಟರು. ದಾರ ಕಡಿಯಲು ಹಲ್ಲಿರುವಾಗ ಕತ್ತರಿ ಯಾಕೆ? ವಿಮಾನ ಏರಿದ್ದೇ ತಡ, ಗೌನನ್ನು ತೊಡೆಯ ಮೇಲೆ ಹರವಿಕೊಂಡು ಸರಸರನೆ ಹೊಲಿಯತೊಡಗಿದಳು. ಅಂಚು ಒಂದು ಗೇಣೂ ಮುಂದಕ್ಕೆ ಹೋಗಿದೆಯೋ ಇಲ್ಲವೋ, ಗಡಿಯಾರ ಹನ್ನೊಂದು ತೋರಿಸಿತು. ಕಣ್ಣು ತುಂಬಿ ಬಂತು. ಈ ಸಲವೂ ಮಗಳಿಗೆ ಮೋಸವಾಯಿತಲ್ಲ!

"ಇಳಿಯೋ ಹೊತ್ತಾಯ್ತೇನಮ್ಮಾ?" ಎಂದು ಗಗನಸಖಿಯನ್ನು ಕೇಳಿದಳು.

"ಈಗಲೇನಾ? ಬಹಳ ದೂರ ಅಮ್ಮಾ, ಇನ್ನೂ ಹತ್ತು ಗಂಟೆ ಬೇಕು. ಅಲ್ಲಿನ ಗಡಿಯಾರ ನಮಗಿಂತ ಹತ್ತು ಗಂಟೆ ಹಿಂದೆ. ಟಿಕೆಟಲ್ಲಿರೋದು ಅಲ್ಲಿನ ಹನ್ನೊಂದು."

"ಅಯ್ಯಯ್ಯೋ, ನನ್ನ ಸೊಂಟ!" ಎಂದು ಗಂಡ ನರಳಿದ.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ!" ಎಂದು ನಾಳೆಯಮ್ಮ ಆ ಹುಡುಗಿಯ ಕೈ ಹಿಡಿದುಕೊಂಡಳು. ಇಡೀ ಜೀವಮಾನದಲ್ಲಿ ಯಾರೂ ಅವಳಿಗೆ ಬಿಟ್ಟಿಯಾಗಿ ಹತ್ತು ಗಂಟೆ ಕೊಟ್ಟಿರಲಿಲ್ಲ. ಕಿಟಕಿಯಾಚೆ ಬಿಸಿಲೂ ಇಳಿಯಲಿಲ್ಲ. ಅಂಚು ಮುಗಿಯಿತು, ಗುಂಡಿಗಳು ಕೂತವು, ಒಂದು ಜೊಂಪು ನಿದ್ದೆಯೂ ಆಯಿತು.

ಸಂಜೆ ಮಗಳು ಗೌನು ತೊಟ್ಟು ಕನ್ನಡಿಯ ಮುಂದೆ ತಿರುಗಿದಳು. ಅಂಚು ಮಡಚಿ ನೋಡಿದಳು, ಬೆನ್ನು ತಡವಿದಳು. ಎಲ್ಲೂ ಒಂದು ಪಿನ್ನೂ ಇಲ್ಲ.

"ಎಲ್ಲಾ ಮುಗಿಸಿಬಿಟ್ಟಿದೀಯಲ್ಲಮ್ಮಾ" ಅಂದಳು. ಅಂದವಳ ಮುಖ ಯಾಕೋ ಸಪ್ಪಗಾಯಿತು. "ನನ್ನ ಮೈಮೇಲೆ ಹೊಲಿಯೋಕೆ ಏನೂ ಉಳಿಸಿಲ್ವಾ?"

ನಾಳೆಯಮ್ಮ ಮಗಳ ಬೆನ್ನಿಗೆ ಬಾಗಿ ಕೊನೆಯ ಗುಂಡಿಯ ದಾರವನ್ನು ಹಲ್ಲಿನಿಂದ ಪಟ್ಟನೆ ಕಡಿದು, ಗುಂಡಿಯನ್ನು ಕಿತ್ತು ಕೈಗೆ ತೆಗೆದುಕೊಂಡಳು. ಸೂಜಿಗೆ ಹೊಸ ದಾರ ಪೋಣಿಸಿಕೊಂಡಳು.

"ನೆಟ್ಟಗೆ ನಿಂತ್ಕೊಳ್ಳೇ" ಅಂದಳು, "ಸೂಜಿ ಚುಚ್ಚೀತು."