ನಾಲ್ಕನೇ ಜ್ವರದ ಬೆಳಗ್ಗೆ

ಹೆಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ಹುಳುವಿನ ತಟ್ಟೆಯ ಅಂಚಿಗೆ ಬಿದ್ದಿದೆ, ಇನ್ನೂ ಬೆಳಗ್ಗೆ, ಆಗಲೇ ಸುಡುತ್ತಿದೆಯಲ್ಲ ಎಂದುಕೊಂಡು ಮುತ್ಯಾಲಮ್ಮ ಗೋಣಿಯ ತುಂಡನ್ನು ಸಂದಿಗೆ ತುರುಕಿದಳು, ರೇಷ್ಮೆಹುಳುವಿಗೆ ಬಿಸಿಲು ತಾಗಬಾರದು, ಇದು ನಾಲ್ಕನೇ ಜ್ವರ, ಪೊರೆ ಕಳಚುವ ಮುಂಚಿನ ಈ ನಿದ್ದೆಗೆ ಜ್ವರ ಅಂತ ಹೆಸರಿಟ್ಟವರು ಯಾರೋ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿವೆ ಎಲ್ಲ — ಹೋದ ವರ್ಷವೂ ಹೀಗೇ ಕೂತಿದ್ದವು, ಆದರೆ ಅಲ್ಲಿ, ಹಿತ್ತಲಿನ ಶೀಟಿನ ಮನೆಯಲ್ಲಿ, ಮಾವ ಸೊಣ್ಣಪ್ಪ ಹುಳುವಿಗೆಂದೇ ಕಟ್ಟಿಸಿ ಕ್ಯಾಲನೂರಿನ ನೆಂಟರನ್ನೆಲ್ಲ ಕರೆದು ತೋರಿಸಿದ ಮನೆ, ಯುಗಾದಿಗೂ ಮುಂಚೆ ಅಂಥ ಧಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು, ಎತ್ತಿದ ತಲೆ ಇಳಿಸದೆಯೇ ಸತ್ತವು, ತಟ್ಟೆ ತಟ್ಟೆಯಾಗಿ ಗುಂಡಿಗೆ ಸುರಿದವಳು ಅವಳೇ, ಆ ವಾಸನೆ ಸೀರೆಯಿಂದ ಹೋಗಲೇ ಇಲ್ಲ. ಮದುವೆಯಾಗಿ ಬಂದಾಗ ಶಿವರಾತ್ರಿಯವರೆಗೂ ಬೆಳಗಿನ ಮಂಜು ಇರುತ್ತಿತ್ತು, ಬಾವಿಯ ನೀರಿಗೇ ಹಿಪ್ಪುನೇರಳೆ ತೋಟ ನಳನಳಿಸುತ್ತಿತ್ತು, ಈಗ ಬೋರ್‌ವೆಲ್ ನೀರು ಅರ್ಧ ತೋಟಕ್ಕೂ ಸಾಲದು, ಗಂಡ ಗಂಗುಲಪ್ಪ ಅಂದೇಬಿಟ್ಟಿದ್ದ, ಸೊಪ್ಪಿನ ಗಿಡ ಕಿತ್ತಾಕಿ ನೀಲಗಿರಿ ನೆಟ್ಬಿಡಣ ಕಣೇ, ನಾನು ಮಾಲೂರಿಗೆ ಇಟ್ಟಿಗೆ ಕೆಲಸಕ್ಕೆ ಹೋಗ್ತೀನಿ. ಇನ್ನೊಂದೇ ಒಂದು ಬೆಳೆ ನೋಡಣ, ಹುಳಾನ ಹಳೇ ಮನೆಯೊಳಗೆ ಇಡಣ, ಮಣ್ಣಿನ ಗೋಡೆ, ಹೆಂಚು, ತಣ್ಣಗಿರುತ್ತೆ, ನಾವು ಹೋಗಿ ಶೀಟಿನ ಮನೇಲಿ ಮಲಗಣ — ಅವಳ ಬಾಯಿಂದ ಅದು ಹೇಗೆ ಬಂತೋ, ಮಾವ ಕೂಗಾಡಿದರು, ನಾ ಕಟ್ಟಿಸಿದ್ದು ದಂಡಾನಾ, ಹುಳ ಒಳಗೆ ಮನುಷ್ಯರು ಹೊರಗೆ ಅಂದ್ರೆ ಊರೋರು ನಗಲ್ವಾ, ನಗಲಿ ಬಿಡಿ ಮಾವ, ಅಂದಿದ್ದಳು, ಎಷ್ಟೋ ದಿನ ಕಳೆದು ಒಂದು ಬೆಳಗ್ಗೆ ನೋಡಿದರೆ ಮುದುಕರು ತಾವೇ ಸುಣ್ಣ ಕಲಸಿಕೊಂಡು ಈ ಹಳೇ ಮನೆಯ ಗೋಡೆಗೆ ಬಳಿಯುತ್ತಿದ್ದಾರೆ, ಮೀಸೆಯೆಲ್ಲ ಸುಣ್ಣ, ಅವಳಿಗೆ ನಗು ಬಂದು ಸೆರಗು ಬಾಯಿಗೆ ಹಿಡಿದಿದ್ದಳು. ಏಮ್ಮಾ, ಎದ್ದಾವಾ — ಬಾಗಿಲಲ್ಲಿ ಈಗ ಅವರೇ, ನೆನೆಸಿದ ಗೋಣಿಚೀಲ ಹೆಗಲ ಮೇಲೆ, ನೀರು ತೊಟ್ಟಿಕ್ಕುತ್ತಿದೆ, ಇನ್ನೂ ಇಲ್ಲ ಮಾವ, ಅಂದಳು, ಅವರು ಕಿಟಕಿಗೆ ಗೋಣಿ ಕಟ್ಟಿದರು, ತಂಪು ಗಾಳಿ ಸುಳಿಯಿತು, ಹಿಂದೆಯೇ ಗಂಗುಲಪ್ಪ, ಮಾಲೂರಿಗೆ ಹೋಗದೆ ಉಳಿದವನು, ಸೊಪ್ಪಿನ ಹೊರೆ ಹೊತ್ತು ನಿಂತಿದ್ದಾನೆ, ಅವಳು ಅದರಿಂದ ಒಂದೇ ಒಂದು ಎಲೆ ಎಳೆದು ತಟ್ಟೆಯ ಮೇಲಿಟ್ಟಳು, ಎದ್ದು ತಿಂದರೆ ಬದುಕಿದ ಹಾಗೆ, ಮೂವರೂ ಬಗ್ಗಿದರು, ಉಸಿರು ಬಿಡಬಾರದು, ಒಂದು ಹುಳು ಅಲ್ಲಾಡಿತೇ, ಅಲ್ಲಾಡಿತು, ಹಳೇ ಪೊರೆ ಬಾಲದ ಹತ್ತಿರ ಸುಕ್ಕಾಗಿ ಕೂತಿದೆ, ಎತ್ತಿದ ತಲೆ ನಿಧಾನಕ್ಕೆ ಇಳಿಯುತ್ತಿದೆ, ಇಳಿಯಿತು, ತಿಂತೈತಾ, ಸುಮ್ನಿರಿ ಮಾವ, ಎಲೆಯ ಅಂಚು, ಹಸಿರು, ಆ ಹಸಿರಿನ ಅಂಚಿನಲ್ಲಿ ಉಗುರ ತುದಿಯಷ್ಟು ಒಂದು ಕಚ್ಚು —