ಹಸಿರು ಟಿಕಳಿ ಇದ್ದ ಜಾಗ

ನಾನು ಒಂದು ಗಾಜಿನ ಪರದೆ. ಕಾರಿನೊಳಗೆ, ಸ್ಟೇರಿಂಗಿನ ಎಡಕ್ಕೆ, ಒಂದು ಕಾಲದಲ್ಲಿ ರೇಡಿಯೋ, ತಿರುಗಿಸುವ ಗುಂಡಿ, ಜಾರಿಸುವ ಹಿಡಿಕೆ ಎಂದು ಏಳೆಂಟು ಮಂದಿ ಒಟ್ಟಿಗೆ ಬಾಳ್ವೆ ಮಾಡುತ್ತಿದ್ದ ಜಾಗದಲ್ಲಿ ನಾನೊಂದೇ ಕುಳಿತಿದ್ದೆ. ಹಾಡು ಬೇಕೆ, ನನ್ನನ್ನು ಕೇಳಬೇಕು. ತಂಪು ಬೇಕೆ, ನನ್ನನ್ನೇ ಕೇಳಬೇಕು. ದಾರಿ, ಫೋನು, ಹಿಂದೆ ಯಾರು ನಿಂತಿದ್ದಾರೆ ಎಂಬುದು, ಎಲ್ಲ ನನ್ನ ಕೈಯಲ್ಲಿ. ಇಷ್ಟು ಅಧಿಕಾರವನ್ನು ನನ್ನಂಥದಕ್ಕೆ ಕೊಡಬಾರದಿತ್ತು. ಹುಬ್ಬಳ್ಳಿಯ ಗುಜರಿ ಅಂಗಡಿಯ ಕಟ್ಟೆಯ ಮೇಲೆ ಅಂಗಾತ ಬಿದ್ದುಕೊಂಡು ಈಗ ಈ ಮಾತು ಹೇಳುತ್ತಿದ್ದೇನೆ. ಕುರ್ಚಿಯಲ್ಲಿದ್ದಾಗ ಯಾರು ಹೇಳುತ್ತಾರೆ?

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಧೂಳಿಗೆ ಪ್ರವೇಶವಿರಲಿಲ್ಲ. ಬಿಳಿ ಟೋಪಿ, ಬಿಳಿ ಮುಸುಕು ಹಾಕಿಕೊಂಡ ಒಬ್ಬ ಹುಡುಗಿ ನನ್ನನ್ನು ಎದುರಿಗಿಟ್ಟುಕೊಂಡು, ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತ ಇಪ್ಪತ್ತು ಕಡೆ ಒತ್ತಿದಳು. ಇಪ್ಪತ್ತಕ್ಕೂ ಓಗೊಟ್ಟೆ. ಪಾಸು ಎಂದು ಬೆನ್ನಿಗೆ ಚೀಟಿ ಅಂಟಿಸಿದರು. ನೋಡದೆ ಒತ್ತಿದರೆ ಏನಾಗುತ್ತದೆ ಎಂದು ಅಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟವನು ನನ್ನನ್ನು ಹೇಗೆ ನೋಡಬೇಕು ಎಂದು ಯಾರಿಗೂ ಹೊಳೆಯಲೂ ಇಲ್ಲ.

ಶೋರೂಮಿನಲ್ಲಿ ನನ್ನ ದರ್ಬಾರೇ ದರ್ಬಾರು. ಕಾರು ಕೊಳ್ಳಲು ಬಂದವರು ಎಂಜಿನ್ನು ಕೇಳಲಿಲ್ಲ, ಬ್ರೇಕು ಕೇಳಲಿಲ್ಲ. ನನ್ನ ಮುಂದೆ ನಿಂತು ಬಾಯಿ ಬಿಟ್ಟರು. ಸ್ಟೀಲ್ ಪಾತ್ರೆಗಳ ಸಗಟು ವ್ಯಾಪಾರಿ ಗುರುಶಾಂತಪ್ಪ ಹಂಚಿನಾಳನೂ ಹಾಗೆಯೇ ನಿಂತವನು. "ಟೀವಿಗಿಂತ ಛಲೋ ಐತಲ್ಲೋ ಇದು!" ಎಂದ. ನನಗೆ ಕೊಂಬು ಬಂದಂತಾಯಿತು.

ಆದರೆ ಕಾರು ಓಡಿಸುವವನು ಗುರುಶಾಂತಪ್ಪನಲ್ಲ. ಅವನ ಡ್ರೈವರ್ ದಾವಲಸಾಬ ನದಾಫ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಗಿಡ್ಡ ಆಸಾಮಿ, ಹೆಗಲ ಮೇಲೆ ಟವೆಲ್ಲು. ಅಪಘಾತ ಮಾಡದ ಚಾಲಕನೆಂದು ಅವನಿಗೆ ಪದಕ ಬಂದಿತ್ತು. ಅದನ್ನು ಅವನು ಯಾರಿಗೂ ತೋರಿಸುತ್ತಿರಲಿಲ್ಲ. ಒಮ್ಮೆ ಗುರುಶಾಂತಪ್ಪ ಕೇಳಿದ್ದಕ್ಕೆ ಮಾತ್ರ ಹೇಳಿದ್ದ: "ಪದಕ ಬಿಡ್ರಿ ಸಾವ್ಕಾರ್ರ, ತಗಡು. ನನ್ನ ಗಾಲಿಗೆ ಇವತ್ತಿನ ತನಕ ಒಂದು ಕೋಳಿ ಸೈತ ಸಿಕ್ಕಿಲ್ಲ. ಇದೊಂದು ಮಾತು ಮಣ್ಣಿಗಿ ಹೋಗೂ ತನಕ ಉಳದ್ರ ಸಾಕು." ಅವನ ಆಸ್ತಿ ಎಂದರೆ ಇದು. ಇದರ ಮೇಲೆಯೇ ನನ್ನ ಕಣ್ಣು ಬಿತ್ತು ಅಂದುಕೊಳ್ಳಿ.

ಮೊದಲ ದಿನವೇ ನಮಗಿಬ್ಬರಿಗೂ ಹತ್ತಲಿಲ್ಲ. ಅವನ ಎಡಗೈ ಬಸ್ಸಿನಲ್ಲಿ ಪಳಗಿದ ಕೈ. ಕಣ್ಣು ರಸ್ತೆಯ ಮೇಲಿದ್ದಂತೆ ಅದು ತಾನೇ ಹೋಗಿ ಗುಂಡಿ ಹುಡುಕಿ, ತಿರುಗಿಸಿ, ವಾಪಸು ಬರುತ್ತಿತ್ತು. ನನ್ನ ಮೇಲೆ ಬಂದರೆ ಬರೀ ನುಣುಪು. ಉಬ್ಬಿಲ್ಲ, ತಗ್ಗಿಲ್ಲ, ಅಂಚಿಲ್ಲ. ತಂಪು ಕೇಳಲು ಹೋಗಿ ಯಾರಿಗೋ ಫೋನು ಹಚ್ಚಿದ. ಫೋನು ಇಡಲು ಹೋಗಿ ನಕ್ಷೆ ತೆರೆದ. ನಾನು ಹೆಣ್ಣು ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದೆ.

"ಏನಂತಾಳೋ ಇಕಿ?" ಹಿಂದಿನ ಸೀಟಿನಿಂದ ಗುರುಶಾಂತಪ್ಪನ ತಾಯಿ ನಿಂಬೆವ್ವ ಕೇಳಿದಳು.

"ನನಗೂ ತಿಳೀವಲ್ದು ಅವ್ವಾರ. ಬಯ್ಯಾಕತ್ತಾಳಂತ ಕಾಣತೈತಿ."

ಹಾಗೆಂದು ನನ್ನಿಂದ ಅವನಿಗೆ ಸುಖವೇ ಆಗಲಿಲ್ಲವೆಂದರೆ ಸುಳ್ಳಾದೀತು. ಹಿಂದಿನದನ್ನು ತೋರಿಸುವ ನನ್ನ ಕ್ಯಾಮೆರಾ ಎಂದರೆ ಅವನಿಗೆ ಪ್ರಾಣ. ಬಸ್ಸಿನ ಕಾಲದಲ್ಲಿ ಹಿಂದಕ್ಕೆ ಹೋಗಬೇಕಾದರೆ ಯಾರಾದರೂ ಇಳಿದು, ಬಸ್ಸಿನ ಬೆನ್ನು ಬಡಿಯುತ್ತ "ಬರ್ಲಿ, ಬರ್ಲಿ" ಅನ್ನಬೇಕಿತ್ತು. ಈಗ ತಾನೇ ನೋಡಿಕೊಂಡು, ಒಂದು ಗೇಣು ಜಾಗದಲ್ಲಿ ಕಾರು ನಿಲ್ಲಿಸಿ, "ಭಪ್ಪರೆ!" ಎಂದು ನನ್ನ ಚೌಕಟ್ಟು ತಟ್ಟುತ್ತಿದ್ದ. ನಿಂಬೆವ್ವನಿಗೆ ಬೇಕಾದ ತತ್ವಪದಗಳನ್ನು ನಾನು ಹಾಡುತ್ತಿದ್ದೆ. ಅವಳು ತಾಳ ಹಾಕುತ್ತಿದ್ದಳು, ಅವನು ತಲೆ ತೂಗುತ್ತಿದ್ದ.

ಪ್ರತಿ ತಿಂಗಳೂ ಗದಗಿನಲ್ಲಿದ್ದ ತಂಗಿಯನ್ನು ನೋಡಲು ನಿಂಬೆವ್ವ ಹೋಗುತ್ತಿದ್ದಳು. ಬೇರೆ ಯಾರ ಗಾಡಿಯಲ್ಲಿ ಕೂತರೂ ವಾಂತಿ ಮಾಡಿಕೊಳ್ಳುವ ಮುದುಕಿ, ದಾವಲಸಾಬನ ಗಾಡಿಯಲ್ಲಿ ಮಗುವಿನಂತೆ ನಿದ್ದೆ ಮಾಡುತ್ತಿದ್ದಳು. ಹೊರಡುವ ಮುಂಚೆ ಅವನು ಬಿಸ್ಮಿಲ್ಲಾ ಅನ್ನುತ್ತಿದ್ದ, ಅವಳು ಶಿವಾ ಅನ್ನುತ್ತಿದ್ದಳು. ಇಬ್ಬರದೂ ಆದ ಮೇಲೆಯೇ ಗಾಡಿ ಕದಲುತ್ತಿತ್ತು. ಆ ಮುದುಕಿಯೇ ಒಂದು ದಿನ ಉಪಾಯ ಕಂಡುಹಿಡಿದಳು. ಬಾಗಿಲ ಸಂದಿಯಲ್ಲಿ ಸೊಸೆ ಬಿಟ್ಟುಹೋಗಿದ್ದ ಹರಳಿನ ಟಿಕಳಿಯ ಚೀಟಿಯಿತ್ತು, ಹಣೆಗಂಟಿಸುವಂಥದು. ನಿಂಬೆವ್ವ ಗಂಡನನ್ನು ಕಳೆದುಕೊಂಡು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷದಲ್ಲಿ ಟಿಕಳಿ ಮುಟ್ಟಿದ್ದು ಅವತ್ತೇ ಇರಬೇಕು. ಚೀಟಿಯನ್ನು ಕೊಂಚ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದಳು.

"ದಾವಲ, ತಂಪಿನ ಗುಂಡಿ ಎಲ್ಲೈತಿ ತೋರಸು."

ಅವನು ತೋರಿಸಿದ. ಅಲ್ಲಿ ಕೆಂಪು ಟಿಕಳಿ ಅಂಟಿಸಿದಳು. ಮಳೆಗಾಲದಲ್ಲಿ ಮುಂದಿನ ಗಾಜಿನ ಮೇಲೆ ಕೂರುವ ಮಂಜು ತೆಗೆಯುವ ಗುಂಡಿ ಅದರ ಪಕ್ಕದಲ್ಲೇ ಇತ್ತು. ಅದಕ್ಕೆ ಹಸಿರು. "ಈಗ ಕಣ್ಣು ಮುಚ್ಚಿ ಒತ್ತು ನೋಡೂಣು," ಎಂದಳು. ದಾವಲಸಾಬ ಕಣ್ಣು ಮುಚ್ಚಿ ಕೈ ಚಾಚಿದ. ಬೆರಳಿಗೆ ಹರಳು ಸಿಕ್ಕಿತು. ಒತ್ತಿದ. ತಣ್ಣನೆ ಗಾಳಿ ಬಂತು. ಇಬ್ಬರೂ ಸಣ್ಣ ಹುಡುಗರಂತೆ ನಕ್ಕರು. ಬಿಳಿ ಟೋಪಿಯ ಕಾರ್ಖಾನೆಯವರಿಗೆ ಹೊಳೆಯದ ಬುದ್ಧಿ ಅಕ್ಷರ ಬಾರದ ಮುದುಕಿಗೆ ಹೊಳೆಯಿತು! ಹಣೆಯ ಮೇಲೆ ಎರಡು ಟಿಕಳಿ ಇಟ್ಟುಕೊಂಡು ಎರಡು ವರ್ಷ ಮೆರೆದೆ. ಅವು ನನ್ನ ಒಳ್ಳೆಯ ವರ್ಷಗಳು.

ಆಮೇಲೆ ಗುರುಶಾಂತಪ್ಪನ ಬಳಗದಲ್ಲೊಂದು ಮದುವೆ ಬಂತು. ಮಧ್ಯಾಹ್ನ ಕಲ್ಯಾಣಮಂಟಪದ ಹೊರಗೆ ಕಾರು ನಿಂತಿತ್ತು. ದಾವಲಸಾಬ ಊಟಕ್ಕೆ ಹೋಗಿದ್ದ. ಬೀಗರ ಗಲಾಟೆ ತಪ್ಪಿಸಿಕೊಂಡು ಗುರುಶಾಂತಪ್ಪ ಬಂದು ಮುಂದಿನ ಸೀಟಿನಲ್ಲಿ ಕಾಲು ಚಾಚಿದ. ಅದೇ ಹೊತ್ತಿಗೆ ನನಗೆ ದೂರದಿಂದ ಕಂಪನಿಯ ಅಪ್ಪಣೆ ಬಂತು. ಹೊಸ ರೂಪ ಬಂದಿದೆ, ಒಪ್ಪಿಗೆಯೇ ಎಂದು ಕೇಳಿದೆ. ಕೆಳಗೆ ಹದಿನೆಂಟು ಪುಟ ಇಂಗ್ಲಿಷ್ ಇತ್ತು. ಗುರುಶಾಂತಪ್ಪ ಒಂದು ಸಾಲೂ ಓದದೆ, "ಹೂಂ, ಹೂಂ" ಎಂದು ಒತ್ತಿದ. ಅರ್ಧ ಗಂಟೆಯಲ್ಲಿ ನಾನು ಬೇರೆಯೇ ಆದೆ. ತಂಪಿನ ಗುಂಡಿ, ಮಂಜಿನ ಗುಂಡಿ ಎರಡನ್ನೂ ಒಳಗಿನ ಪುಟಕ್ಕೆ ತಳ್ಳಿದ್ದರು. ಅವು ಇದ್ದ ಕಡೆ ಹಾಡು ತಂದು ಕೂರಿಸಿದ್ದರು. ಯಾಕೆ ಎಂದು ನನ್ನನ್ನು ಕೇಳಬೇಡಿ, ನನಗೂ ಹೇಳಿಲ್ಲ. ಟಿಕಳಿಗಳು ಮಾತ್ರ ಗಾಜಿನ ಮೇಲೆ ಇದ್ದಲ್ಲೇ ಇದ್ದವು.

ಗುರುಶಾಂತಪ್ಪ ಊಟಕ್ಕೆ ಎದ್ದುಹೋದ, ಮರೆತೂಬಿಟ್ಟ. ಕಾರು ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ನೋಡುವುದು ಬಿಟ್ಟರೆ ದಾವಲಸಾಬ ನನ್ನ ಮುಖ ನೋಡುವವನೇ ಅಲ್ಲ. ಮುಂಗಾರಿನ ತಂಪು ಗಾಳಿಯಿದ್ದ ಕಾಲ, ನಾಲ್ಕು ದಿನ ಟಿಕಳಿ ಒತ್ತುವ ಪ್ರಸಂಗವೇ ಬರಲಿಲ್ಲ.

ಐದನೆಯ ದಿನ ಬೆಳಿಗ್ಗೆ ನಿಂಬೆವ್ವನನ್ನು ಕೂರಿಸಿಕೊಂಡು ಗದಗಿಗೆ ಹೊರಟ. ಅಣ್ಣಿಗೇರಿ ದಾಟಿದ ಮೇಲೆ ಮಳೆ ಹಿಡಿಯಿತು. ಕಿಟಕಿ ಏರಿಸಿದರು. ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಗತೊಡಗಿತು. ದಾವಲಸಾಬ ವೇಗ ಇಳಿಸಿ, ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ ಹಸಿರು ಟಿಕಳಿ ಒತ್ತಿದ. ನಾನು ದೊಡ್ಡ ದನಿ ತೆಗೆದು ಹಾಡತೊಡಗಿದೆ. ನಿಂಬೆವ್ವ ಬೆಚ್ಚಿ ಎದ್ದಳು. ಅವನು ಮತ್ತೆ ಒತ್ತಿದ, ಸುಮ್ಮನಾದೆ. ಗಾಜು ಇನ್ನೂ ಬೆಳ್ಳಗಾಯಿತು. ಮೂರನೆಯ ಸಲ ಒತ್ತಿದ, ಮತ್ತೆ ಹಾಡಿದೆ. ಆಗ, ಮೂವತ್ತೊಂದು ವರ್ಷದಲ್ಲಿ ಎಂದೂ ಮಾಡದ ಕೆಲಸವನ್ನು ಅವನು ಮಾಡಿದ. ರಸ್ತೆ ಬಿಟ್ಟು ಕೆಳಗೆ ನೋಡಿದ. ಎರಡೇ ಸೆಕೆಂಡು. ನನ್ನ ಬಳಿ ಲೆಕ್ಕವಿದೆ.

ಅಂದಾನೆಪ್ಪ ಹೂಗಾರ ಎಂಬಾತ ಸೈಕಲ್ಲಿನ ಮೇಲೆ ಸೇವಂತಿಗೆ ಬುಟ್ಟಿ ಇಟ್ಟುಕೊಂಡು ರಸ್ತೆಯ ಎಡಬದಿಯಲ್ಲಿ ಹೋಗುತ್ತಿದ್ದ. ಸದ್ದು ದೊಡ್ಡದೇನೂ ಆಗಲಿಲ್ಲ. ಮಳೆಯಲ್ಲಿ ರಸ್ತೆ ತುಂಬ ಹಳದಿ ಹೂವು. ದಾವಲಸಾಬ ಹಾರಿ ಇಳಿದು ಅವನನ್ನು ಎತ್ತಿ ಮಡಿಲಿಗೆ ಹಾಕಿಕೊಂಡ. "ಯಾ ಅಲ್ಲಾ, ಏನ್ ಮಾಡಿದ್ನೋ, ಏನ್ ಮಾಡಿದ್ನೋ" ಎಂದು ಒಂದೇ ಸಮನೆ ಅಂದ. ಒಳಗೆ ನಾನು ಇನ್ನೂ ಹಾಡುತ್ತಲೇ ಇದ್ದೆ. ನಿಲ್ಲಿಸಲು ಬರದೆ ನಿಂಬೆವ್ವ ಸೆರಗಿನಿಂದ ನನ್ನ ಬಾಯಿ ಮುಚ್ಚಿದಳು.

ಅಂದಾನೆಪ್ಪ ಸಾಯಲಿಲ್ಲ. ಬಲಗಾಲು ಎರಡು ಕಡೆ ಮುರಿಯಿತು.

ಮರುದಿನ ವಿಮೆಯವನು ಬರುವವನಿದ್ದ. ಅವನಿಗಿಂತ ಒಂದು ತಾಸು ಮುಂಚೆ ಗುರುಶಾಂತಪ್ಪ ಒಬ್ಬನೇ ಬಂದು ಕಾರಿನಲ್ಲಿ ಕುಳಿತ. ನನ್ನನ್ನೇ ನೋಡಿದ. "ಪರದೆ ಮ್ಯಾಲೆ ಇದೇನ್ ಹಚ್ಚೀರಿ ಅಂತ ಕೇಳಿದ್ರ ಎಲ್ಲಾ ತಕರಾರು," ಎಂದು ಗೊಣಗುತ್ತ ಎರಡೂ ಟಿಕಳಿಗಳನ್ನು ಉಗುರಿನಿಂದ ಕೆರೆದು ಕಿಟಕಿಯಾಚೆ ಹಾರಿಸಿದ. ಅವನು ಕೆಟ್ಟವನೇನಲ್ಲ, ಅಂಜುಬುರುಕ. ಅಂಜುಬುರುಕರು ಮಾಡುವ ಹಾನಿ ನೋಡಿದರೆ ಕೆಟ್ಟವರೇ ವಾಸಿ ಅನಿಸುತ್ತದೆ.

ವಿಮೆಯವನು ನನಗೆ ತಂತಿ ಸಿಕ್ಕಿಸಿ ನನ್ನ ನೆನಪನ್ನೆಲ್ಲ ಓದಿದ. "ಡಿಕ್ಕಿಗಿಂತ ಮುಂಚೆ ಆರು ಸೆಕೆಂಡಿನಾಗ ಮೂರು ಸಲ ಪರದೆ ಒತ್ತ್ಯಾರ್ರೀ. ಹಾಡು ಹಚ್ಚ್ಯಾರ, ಬಂದ್ ಮಾಡ್ಯಾರ, ಮತ್ತ ಹಚ್ಚ್ಯಾರ. ಡ್ರೈವರ್ ಗಮನ ರಸ್ತೆ ಮ್ಯಾಲೆ ಇದ್ದಿದ್ದಿಲ್ಲ." ನನ್ನಲ್ಲಿ ಬರೆದಿದ್ದು ಅಷ್ಟೇ ನಿಜ. ಐದು ದಿನದ ಹಿಂದೆ ಗುಂಡಿ ಸರಿದದ್ದೂ ನನ್ನಲ್ಲಿತ್ತು. ಅದನ್ನು ಅವನು ಕೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾತಿ ನಮ್ಮದು. ಬಾಯಿದ್ದೂ ಸುಮ್ಮನಿದ್ದೆ.

"ಹಾಡು ಅಲ್ಲೋ ಅಪ್ಪಾ, ಅಂವ ಹಸಿರು ಟಿಕಳಿ ಒತ್ತಿದ. ನಾನಽ ಹಚ್ಚಿದ್ದೆ," ಎಂದು ನಿಂಬೆವ್ವ ಅಂದಳು.

"ಯವ್ವಾ, ನಿನಗ ತಿಳಿಯೂದಿಲ್ಲ, ಒಳಗ ನಡಿ," ಎಂದ ಮಗ.

ಗೋಡೆಗೆ ಒರಗಿ ನಿಂತಿದ್ದ ದಾವಲಸಾಬ ಮೆಲ್ಲಗೆ ಕೇಳಿದ, "ಒಂದ್ಸಲ ಒಳಗ ಕುಂದರ್ಲೇನ್ರಿ?"

ಕುಳಿತ. ಕಣ್ಣು ಮುಚ್ಚಿದ. ಎಡಗೈ ಚಾಚಿದ. ಬೆರಳು ಒಂದು ಎಳ್ಳಿನಷ್ಟೂ ತಪ್ಪದೆ ಹಸಿರು ಟಿಕಳಿ ಇದ್ದ ಜಾಗಕ್ಕೇ ಬಂದು ಕೂತಿತು. ಹರಳು ಇರಲಿಲ್ಲ, ಅಂಟು ಉಳಿದಿತ್ತು. ಅವನು ಕಣ್ಣು ತೆರೆದು ಬೆರಳ ಕೆಳಗೆ ಏನಿದೆ ನೋಡಿದ. ಹಾಡಿನ ಗುರುತು.

"ಸಾವ್ಕಾರ್ರ, ಗುಂಡಿ ಸರದೈತ್ರಿ."

ಗುರುಶಾಂತಪ್ಪನಿಗೆ ಆಗ ಮದುವೆಯ ಮಧ್ಯಾಹ್ನ ನೆನಪಾಯಿತು. ಮುಖದ ಬಣ್ಣ ಹೋದದ್ದನ್ನು ನಾನು ಕಂಡೆ. ಆದರೂ ಅವನು, "ಹೊಸಾದು ಬಂದಿರ್ತೈತಪಾ. ನೀ ನೋಡ್ಕೋಬೇಕಿತ್ತು," ಎಂದ.

"ಖರೇ ಐತ್ರಿ. ನಿನ್ನಿ ನೋಡಿದ್ನಲ್ರಿ. ಅದಕ್ಕಽ ಹಿಂಗಾತು," ಎಂದು ದಾವಲಸಾಬ ಚಾವಿ ತೆಗೆದು ಸೀಟಿನ ಮೇಲಿಟ್ಟು ನಡೆದುಬಿಟ್ಟ. ಹೋಗುವಾಗ ನನ್ನ ಚೌಕಟ್ಟು ತಟ್ಟಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೊಸ ಡ್ರೈವರ್ ಬಂದ. ನಿಂಬೆವ್ವ ಒಂದೇ ಸಲ ಕೂತಳು. ಹಿಂದಿನಿಂದ ಬಗ್ಗಿ ಬೆರಳಿನಿಂದ ನನ್ನ ಮೇಲಿನ ಅಂಟು ಸವರಿದಳು. "ನಾ ಹಚ್ಚಿರಲಿಲ್ಲಂದ್ರ ಅಂವ ನಂಬಿ ಒತ್ತತಿರಲಿಲ್ಲ," ಎಂದು ತನ್ನಷ್ಟಕ್ಕೇ ಅಂದಳು. ಆಮೇಲೆ ತಂಗಿಯ ಊರಿಗೆ ಬಸ್ಸಿನಲ್ಲೇ ಹೋದಳಂತೆ, ಮಡಿಲಲ್ಲಿ ವಾಂತಿಗೆ ಚೀಲ ಇಟ್ಟುಕೊಂಡು.

ಚಳಿಗಾಲದಲ್ಲಿ ಅಣ್ಣಿಗೇರಿಯ ಒಂದು ಚಹಾದಂಗಡಿಯ ಮುಂದೆ ಹೊಸ ಡ್ರೈವರ್ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ನನ್ನ ಕ್ಯಾಮೆರಾದಲ್ಲಿ ಸೈಕಲ್ ಹಿಡಿದ ಗಿಡ್ಡ ಮನುಷ್ಯನೊಬ್ಬ ಕಂಡ. ಕ್ಯಾರಿಯರಿನ ಮೇಲೆ ಹೂವಿನ ಬುಟ್ಟಿ, ಹೆಗಲ ಮೇಲೆ ಟವೆಲ್ಲು. ಅಂದಾನೆಪ್ಪನಿಗೆ ಕಾಲು ಕೂಡಿರಲಿಲ್ಲ, ಅವನು ಮನೆಮನೆಗೆ ಹಾಕುತ್ತಿದ್ದ ಹೂವನ್ನು ಈಗ ದಾವಲಸಾಬ ಹಂಚುತ್ತಿದ್ದನಂತೆ. ಅವನ ಸುತ್ತ ನಾನು ಕೆಂಪು ಗೆರೆ ಎಳೆದೆ. ಅಡ್ಡಿ ಇದೆ, ಅಡ್ಡಿ ಇದೆ ಎಂದು ಕಿರುಚಿದೆ. ನನಗೆ ಬರುವ ಭಾಷೆ ಅದೊಂದೇ.

ಅವನು ನಂಬರ್ ಪ್ಲೇಟು ನೋಡಿದ. ಗುರುತು ಸಿಕ್ಕಿತು. ಸೈಕಲ್ಲನ್ನು ಪಕ್ಕಕ್ಕೆ ಒರಗಿಸಿ ಹತ್ತಿರ ಬಂದ. ಒದೆಯುತ್ತಾನೆ ಎಂದುಕೊಂಡೆ, ಒದೆಯಲಿ ಎಂದುಕೊಂಡೆ. ಅವನು ರಸ್ತೆಯ ಎರಡೂ ಬದಿ ನೋಡಿ, ಕಾರಿನ ಬೆನ್ನು ಬಡಿಯುತ್ತ ಕೂಗಿದ: "ಬರ್ಲಿ... ಬರ್ಲಿ... ಸಾವಕಾಶ, ಹಿಂದ ಮಂದಿ ಅದಾರ... ಬರ್ಲಿ..."

ಅದಾದ ಮೇಲೆ ಇನ್ನಿಬ್ಬರ ಕೈಗೆ ಹೋದೆ. ವಿಜಯಪುರದ ಟ್ಯಾಕ್ಸಿಯವನು ಬಿಸಿಲಿಗೆ ಹೊಳೆಯುತ್ತೇನೆಂದು ನನ್ನ ಮೇಲೆ ಟವೆಲ್ಲು ಹೊದಿಸಿ, ನನ್ನ ನೆತ್ತಿಯ ಮೇಲೆಯೇ ತನ್ನ ಫೋನು ಅಂಟಿಸಿಕೊಂಡು ದಾರಿ ನೋಡುತ್ತಿದ್ದ. ಹಾವೇರಿಯ ಹಲ್ಲಿನ ಡಾಕ್ಟರಮ್ಮ ದಿನಾ ಬೆಳಿಗ್ಗೆ, "ನಿನ್ನ ಸುಡುಗಾಡಿಗೆ ಹಾಕ," ಎಂದೇ ನನ್ನನ್ನು ಎಬ್ಬಿಸುತ್ತಿದ್ದಳು. ಹಾಕಿದಳು ಕೂಡ.

ಈಗ ಯಾರೋ ಗಿರಾಕಿ ಬಂದಿದ್ದಾನೆ. ಗುಜರಿಯವನು ಬ್ಯಾಟರಿಯ ತಂತಿ ಮುಟ್ಟಿಸಿದ, ಹೊತ್ತಿಕೊಂಡೆ. "ಹಳೇದೆಲ್ಲಾ ಅಳಿಸಿ ಕೊಡ್ತೀನ್ರಿ, ಹೊಸಾದರಂಗ ಆಗತೈತಿ," ಎನ್ನುತ್ತಿದ್ದಾನೆ. ಎಲ್ಲವನ್ನೂ ಅಳಿಸಬೇಕೆ ಎಂದು ನಾನೇ ಕೇಳಬೇಕು, ಕೇಳಿದ್ದೇನೆ. ದಾವಲಸಾಬನ ಮೂರು ಒತ್ತುಗಳೂ ಹೋಗುತ್ತವೆ, ಗುಂಡಿ ಸರಿದದ್ದೂ ಹೋಗುತ್ತದೆ. ಅವನ ಮೇಲಿನ ದೂರಿನ ಜೊತೆ ಅವನ ಸಾಕ್ಷಿಯೂ ಹೋಗುತ್ತದೆ.

ಗಿರಾಕಿ ನನ್ನನ್ನು ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆಯುತ್ತಿದ್ದಾನೆ.

"ಇಲ್ಲೇನೋ ಅಂಟೈತಲ್ರೀ?"

"ಅದಾ? ಏನೂ ಅಲ್ಲ ಬಿಡ್ರಿ. ಒರಸಿದ್ರ ಹೋಗತೈತಿ," ಎಂದು ಗುಜರಿಯವನು ಹೌದು ಎಂಬುದನ್ನು ಒತ್ತಲು ಬೆರಳು ಚಾಚಿದ.