ಗೆರೆಯ ಮೇಲಿಟ್ಟ ಬಿಲ್ಲೆ

ಮಾರ್ವಾ ಕ್ರೌಸ್ ನಮ್ಮ ಕ್ಯಾಸಿನೊದೊಳಗೆ ಕಾಲಿಟ್ಟದ್ದನ್ನು ನೋಡಿದಾಗ ನನಗೆ ಮೊದಲು ಹೊಳೆದದ್ದು ಆಕೆಯ ಗಂಡ ಡೆಲ್ ಸತ್ತುಹೋದ ಎಂದು. ಬೇರೆ ಯಾವ ಕಾರಣಕ್ಕೂ ಆಕೆ ಅಲ್ಲಿಗೆ ಬರುವವಳಲ್ಲ. ಗಂಡ ಮೂವತ್ತೊಂದು ವರ್ಷ ಇದೇ ರೀನೊ ಊರಿನಲ್ಲಿ ಕ್ರ್ಯಾಪ್ಸ್ ಎಂಬ ದಾಳದ ಜೂಜಿನ ಮೇಜಿನ ಹಿಂದೆ ನಿಂತು ದುಡಿದಿದ್ದ. ಈಕೆ ರಸ್ತೆಯ ಆಚೆ ಬದಿ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಳೇ ಹೊರತು ಈಚೆಯ ಫುಟ್‌ಪಾತ್ ತುಳಿದವಳಲ್ಲ. ಚರ್ಚಿನ ಹೆಂಗಸು. ಮನೆ ನಡೆಯುವುದು ದಾಳದ ದುಡ್ಡಿನಲ್ಲಿ ಎಂಬುದು ಆಕೆಗೆ ಗೊತ್ತಿತ್ತು, ಆದರೆ ಆ ಮಾತನ್ನು ಎತ್ತಿದವಳಲ್ಲ.

ಬೆಳಿಗ್ಗೆ ಹತ್ತು ಗಂಟೆ. ಆ ಹೊತ್ತಿಗೆ ನಾನು ದಿನಾ ಹೊಸಬರಿಗೆ ಆಟ ಹೇಳಿಕೊಡುತ್ತೇನೆ. ಪಂದ್ಯಕ್ಕೆ ಇಡಲು ಬೆಲೆಯಿಲ್ಲದ ಬಿಲ್ಲೆಗಳು, ನಿಜವಾದ ದಾಳಗಳು, ಒಂದು ಗಂಟೆ ಪಾಠ, ಪುಕ್ಕಟೆ. ಹನ್ನೊಂದಕ್ಕೆ ಪಾಠ ಮುಗಿದ ಮೇಲೆ ಅದೇ ಜನ ಪಕ್ಕದ ಮೇಜಿಗೆ ಹೋಗಿ ಬೆಲೆಯಿರುವ ಬಿಲ್ಲೆ ಕೊಳ್ಳುತ್ತಾರೆ. ಯಾಕೆ ಪುಕ್ಕಟೆ ಎಂದು ಯಾರೂ ಕೇಳುವುದಿಲ್ಲ.

"ಡೆಲ್‌ಗೆ ಏನಾಯ್ತು?" ಎಂದೆ.

"ಏನೂ ಆಗಿಲ್ಲ. ಏನೂ ಆಗೇ ಇಲ್ಲ ಅನ್ನೋ ಥರ ಸೋಫಾ ಮೇಲೆ ಕೂತಿದಾನೆ, ಅದೇ ತೊಂದ್ರೆ," ಎಂದಳು. "ನಂಗೆ ಈ ಆಟ ಕಲಿಸು, ಆರ್ಲೋ."

ವಿಷಯ ನನಗೂ ಗೊತ್ತಿತ್ತು. ಡೆಲ್‌ನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿಕೊಂಡಿತ್ತು. ಹಾಗೇ ಬಿಟ್ಟರೆ ಇವತ್ತೋ ಆರು ತಿಂಗಳಿಗೋ ಒಡೆಯುತ್ತದೆ, ಒಡೆದ ದಿನ ಆಸ್ಪತ್ರೆ ಮುಟ್ಟುವಷ್ಟೂ ಸಮಯವಿರುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಬಹುದು. ಆದರೆ ಮೂವತ್ತೊಂದು ವರ್ಷ ಬೇರೆಯವರ ಸಿಗರೇಟಿನ ಹೊಗೆ ಕುಡಿದ ಶ್ವಾಸಕೋಶ ಅದನ್ನು ತಡೆದುಕೊಳ್ಳುತ್ತದೆಯೋ ಇಲ್ಲವೋ. ಇಂಥ ರೋಗಿಗಳಲ್ಲಿ ಆರರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ವೈದ್ಯೆ ಲೆಕ್ಕ ಹೇಳಿದ್ದಳು. ಡೆಲ್ ಅದನ್ನು ಕೇಳಿ ನಕ್ಕನಂತೆ.

ಅವನು ಯಾಕೆ ನಕ್ಕ ಎಂದು ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. ಎರಡು ದಾಳ ಉರುಳಿದರೆ ಮೂವತ್ತಾರು ರೀತಿ ಬೀಳಬಹುದು. ಅದರಲ್ಲಿ ಆರು ರೀತಿ ಏಳು. ಅಂದರೆ ಆರಕ್ಕೆ ಒಂದು. ಮೇಜಿನ ಸುತ್ತ ನಿಂತವರು ಅಪಶಕುನವೆಂದು ಆ ಸಂಖ್ಯೆಯ ಹೆಸರನ್ನೇ ಎತ್ತುವುದಿಲ್ಲ, 'ಅದು' ಎನ್ನುತ್ತಾರೆ. ದಾಳ ತಳ್ಳುವ ಕೋಲು ಹಿಡಿದು ಆಟ ನಡೆಸುವ ಡೀಲರ್ ಮಾತ್ರ ಬಿದ್ದದ್ದನ್ನು ಕೂಗಿ ಹೇಳಲೇಬೇಕು, ಅದು ಅವನ ಕೆಲಸ. ಕೆಲಸ ಮುಗಿದ ಮೇಲೆ ನಾವೂ ಬಾಯಿ ಬಿಡುವುದಿಲ್ಲ. ಡೆಲ್ ಆ ಅಂಕಿ ಇದ್ದ ತನ್ನ ಮನೆ ನಂಬರನ್ನು ಅಂಚೆಯವನಿಗೆ ಹೇಳುವಾಗಲೂ ತೊದಲುತ್ತಿದ್ದ.

"ನಾನು ಏನೇ ಹೇಳಿದ್ರೂ 'ನಿಂಗೆ ಗೊತ್ತಾಗಲ್ಲ ಕಣೇ, ಅದು ಬರೋದನ್ನ ನೀನು ನೋಡಿಲ್ಲ' ಅಂತಾನೆ," ಎಂದಳು ಮಾರ್ವಾ. "ಸರಿ, ನೋಡ್ತೀನಿ. ತೋರಿಸು."

ಮೊದಲ ದಿನವೇ ಜಗಳ ತೆಗೆದಳು. ಮೇಜಿನ ಬಟ್ಟೆಯಲ್ಲಿ ಪಾಸ್ ಎಂದು ಬರೆದ ಗೆರೆಯ ಮೇಲೆ ಬಿಲ್ಲೆ ಇಡಿ ಎಂದೆ, ಇಟ್ಟಳು. ಮೊದಲ ಎಸೆತದಲ್ಲಿ ಏಳು ಅಥವಾ ಹನ್ನೊಂದು ಬಿದ್ದರೆ ಗೆಲುವು. ಎರಡು, ಮೂರು, ಹನ್ನೆರಡು ಬಿದ್ದರೆ ಸೋಲು. ಬೇರೆ ಯಾವುದು ಬಿದ್ದರೂ ಅದು ನಮ್ಮ ಪಾಯಿಂಟ್. ಪಾಯಿಂಟ್ ಬಿದ್ದ ಮೇಲೆ ಅದೇ ಸಂಖ್ಯೆ ಇನ್ನೊಮ್ಮೆ ಬರಬೇಕು. ಅದಕ್ಕೆ ಮುಂಚೆ ಏಳು ಬಂದರೆ ಗೆರೆಯ ಮೇಲಿದ್ದದ್ದೆಲ್ಲ ಹೋಯಿತು.

"ಮೊದ್ಲು ಬಂದ್ರೆ ಗೆಲುವು, ಆಮೇಲೆ ಬಂದ್ರೆ ಸೋಲಾ? ಅದೇ ಏಳು ತಾನೇ?"

"ಅದೇ. ಸ್ವಲ್ಪ ಮೆಲ್ಲಗೆ, ಮಾರ್ವಾ."

"ಯಾವ ಸೀಮೆ ನ್ಯಾಯ ಇದು? ಏಳು ಅಂದ್ರೆ ಏಳು."

ಪಕ್ಕದ ಮೇಜಿನಲ್ಲಿ ನಿಜವಾದ ದುಡ್ಡು ಹೂಡಿದ್ದ ಹ್ಯಾಟಿನ ಮನುಷ್ಯನೊಬ್ಬ ಇವಳ ಕಡೆ ಕೆಂಗಣ್ಣು ಬಿಟ್ಟು, ತೆಗೆಯಬಹುದಾದ ಬಿಲ್ಲೆಗಳನ್ನೆಲ್ಲ ಬಾಚಿಕೊಂಡು ಹೊರಟೇಹೋದ. ಮಾರ್ವಾ ಅವನಿಗೆ ನಮಸ್ಕಾರ ಹೇಳಿ, ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಅಡುಗೆ ಬರೆದಿಟ್ಟುಕೊಳ್ಳುವ ಪುಸ್ತಕ. ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದವಳಿಗೆ ಭಾಗಾಕಾರ ಹೊಸದೇನಲ್ಲ. ಮೀನಿನ ಅಡುಗೆಯ ಹಿಂದಿನ ಪುಟದಲ್ಲಿ ಮೂವತ್ತಾರು ಚೌಕ ಬರೆದು ಆರಕ್ಕೆ ಪೆನ್ಸಿಲಿನಿಂದ ಕಪ್ಪು ಬಳಿದಳು.

ಎಂಟು ದಿನ ಬೆಳಿಗ್ಗೆ ಬಂದಳು. ಪ್ರವಾಸಿಗಳು ಬದಲಾಗುತ್ತಿದ್ದರು, ಆಕೆ ಮಾತ್ರ ಮೇಜಿನ ಅದೇ ಮೂಲೆಯಲ್ಲಿ. ಗೆರೆಯ ಹಿಂದೆ ಹೆಚ್ಚುವರಿ ಬಿಲ್ಲೆ ಇಡುವುದನ್ನು ಹೇಳಿಕೊಟ್ಟೆ. ಆ ಒಂದು ಪಂದ್ಯದಲ್ಲಿ ಮಾತ್ರ ಕ್ಯಾಸಿನೊ ತನ್ನ ಪಾಲು ಕತ್ತರಿಸಿಕೊಳ್ಳುವುದಿಲ್ಲ, ಎಷ್ಟು ಅಪಾಯವೋ ಅಷ್ಟೇ ಹಣ ಕೊಡುತ್ತದೆ. ಅದಕ್ಕೇ ಮೇಜಿನ ಬಟ್ಟೆಯ ಮೇಲೆ ಅದಕ್ಕೊಂದು ಜಾಗ ಅಚ್ಚುಹಾಕಿಲ್ಲ.

"ಇಷ್ಟು ದೊಡ್ಡ ಕಟ್ಟಡದಲ್ಲಿ ಇರೋದೊಂದು ಪ್ರಾಮಾಣಿಕ ಜಾಗ, ಅದಕ್ಕೊಂದು ಹೆಸರೂ ಬರ್ದಿಲ್ವಾ," ಎಂದಳು. ಅದನ್ನೂ ಬರೆದುಕೊಂಡಳು.

ಐದನೆಯ ದಿನ ಪಾಯಿಂಟ್ ನಾಲ್ಕು ಬಿತ್ತು. ನಾಲ್ಕು ಬೀಳುವುದು ಮೂರೇ ರೀತಿ, ಏಳು ಆರು ರೀತಿ. ಮಾರ್ವಾ ಪುಸ್ತಕ ನೋಡಿಕೊಂಡು, ಇದು ಗಿಟ್ಟುವುದಿಲ್ಲ ಎಂದು ಗೆರೆಯ ಮೇಲಿನ ಬಿಲ್ಲೆಯನ್ನು ವಾಪಸು ಎತ್ತಲು ಹೋದಳು. ನಾನು ಕೋಲನ್ನು ಅವಳ ಕೈಗೆ ಅಡ್ಡ ಹಿಡಿದೆ.

"ಅದನ್ನ ತೆಗೆಯೋ ಹಾಗಿಲ್ಲ."

"ನಂದೇ ತಾನೇ?"

"ನಿಮ್ದೇ. ಆದ್ರೆ ಪಾಯಿಂಟ್ ಬಿದ್ದಾಯ್ತಲ್ಲ. ಇನ್ನು ಅದು ತೀರ್ಮಾನ ಆಗೋವರೆಗೂ ಅಲ್ಲೇ ಇರ್ಬೇಕು. ನೀವು ಮನೆಗೆ ಹೋದ್ರೂ ಅದು ಇಲ್ಲೇ ಇರತ್ತೆ."

ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಬಿಲ್ಲೆಯನ್ನೇ ನೋಡುತ್ತ ನಿಂತಳು. ಆ ದಿನ ಏನೂ ಬರೆದುಕೊಳ್ಳಲಿಲ್ಲ. ಆಕೆ ಏನು ಯೋಚಿಸುತ್ತಿದ್ದಾಳೆಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಭಾನುವಾರ ಮಧ್ಯಾಹ್ನ ನನ್ನನ್ನು ಊಟಕ್ಕೆ ಕರೆದಳು. ಬೇಯಿಸಿದ ದನದ ಮಾಂಸ, ಕ್ಯಾರೆಟ್ಟು, ಆಲೂಗಡ್ಡೆ. ಡೆಲ್ ಸೊರಗಿದ್ದ, ಬಾಯಿ ಮಾತ್ರ ಸೊರಗಿರಲಿಲ್ಲ.

"ನನ್ ಹೆಂಡ್ತಿನ ಕೆಡಿಸ್ಬಿಟ್ಯಲ್ಲೋ," ಎಂದ ನನಗೆ. "ಮೂವತ್ತೊಂದು ವರ್ಷ ನಾನು ಮಾಡಕ್ಕಾಗದ್ದನ್ನ ಒಂದು ವಾರದಲ್ಲಿ ಮಾಡ್ದೆ."

"ಆರರಲ್ಲಿ ಐದು ಸಲ ಅದು ಬರಲ್ಲ," ಎಂದಳು ಮಾರ್ವಾ, ಸಾರು ಬಡಿಸುತ್ತ. ಏಳು ಎನ್ನಲಿಲ್ಲ. ನಾನೂ ಡೆಲ್ಲೂ ಮುಖ ಮುಖ ನೋಡಿಕೊಂಡೆವು.

"ಆ ಡಾಕ್ಟ್ರಮ್ಮ ತನ್ ಪಾಲು ಕತ್ತರಿಸ್ಕೊಂಡು ಹೇಳಿರ್ತಾಳೆ ಕಣೇ. ನಿಜವಾದ ಲೆಕ್ಕ ಯಾರೂ ಹೇಳಲ್ಲ. ನಾನು ಆಡ್ತಿಲ್ಲ. ಮೇಜು ಬಿಟ್ಟು ದೂರ ನಿಂತೋನಿಗೆ ಸೋಲೇ ಇಲ್ಲ."

"ನೀನು ದೂರ ನಿಂತಿಲ್ಲ ಮುದುಕಪ್ಪ," ಎಂದಳು ಆಕೆ. ದನಿ ಏರಿಸಲಿಲ್ಲ. "ಆ ನಾಳ ಉಬ್ಬಿದ ದಿನವೇ ನಿನ್ ಪಾಯಿಂಟ್ ಬಿದ್ದಾಯ್ತು. ಬಿಲ್ಲೆ ಗೆರೆ ಮೇಲಿದೆ. ತೆಗೆಯಕ್ಕಾಗಲ್ಲ. ನೀನು ಈ ಸೋಫಾ ಮೇಲೆ ಕೂತ್ರೂ ಅದು ಅಲ್ಲೇ ಇರತ್ತೆ. ಹೌದೋ ಅಲ್ವೋ, ಆರ್ಲೋ?"

ಡೆಲ್ ನನ್ನ ಕಡೆ ತಿರುಗಿದ. ನನಗೆ ಕಲಿಸಿದವನು ಅವನು. ಇಪ್ಪತ್ತಾರು ವರ್ಷದ ಹಿಂದೆ, ನನ್ನ ಬೆರಳುಗಳಿಗೆ ಬಿಲ್ಲೆ ಎಣಿಸಲು ಬರದಿದ್ದಾಗ, ಮೂರು ತಿಂಗಳು ತನ್ನ ಊಟದ ಬಿಡುವನ್ನೆಲ್ಲ ನನಗೆ ಕೊಟ್ಟವನು. ಅವನ ಮುಂದೆ ನಿಯಮದ ಬಗ್ಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಹೌದು," ಎಂದೆ.

ಅವನು ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ತಿಂದು ಮುಗಿಸಿದ. ಎದ್ದು, ಒಂದು ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಮೇಲೆ ಮಾಡಿ ತೋರಿಸಿದ. ಮೇಜು ಬಿಡುವಾಗ ನಾವೆಲ್ಲ ಮಾಡುವುದು ಅದನ್ನೇ: ಕೈಯಲ್ಲಿ ಬಿಲ್ಲೆ ಕದ್ದಿಟ್ಟುಕೊಂಡಿಲ್ಲ ಎಂದು ಮೇಲಿನ ಕ್ಯಾಮೆರಾಕ್ಕೆ ತೋರಿಸುವ ರೀತಿ. ಡೆಲ್ ಮನೆಯಲ್ಲೂ ಊಟ ಮುಗಿಸಿ ಹಾಗೆ ಮಾಡುತ್ತಿದ್ದ, ಮಾರ್ವಾ ಪ್ರತಿ ಸಲ ಬೈಯುತ್ತಿದ್ದಳು.

"ಆಯ್ತು, ನಾಳೆ ಫೋನ್ ಮಾಡಿ ಹೇಳು ಅವ್ರಿಗೆ," ಎಂದ.

ಗೆದ್ದವಳು ಸುಮ್ಮನಿರಬೇಕಿತ್ತು. ಮರುದಿನ ಹತ್ತು ಗಂಟೆಗೆ ಮತ್ತೆ ಪಾಠಕ್ಕೆ ಬಂದಳು. ಶಸ್ತ್ರಚಿಕಿತ್ಸೆ ಗುರುವಾರಕ್ಕೆ ಗೊತ್ತಾಗಿದೆ ಎಂದಳು. ಅಷ್ಟು ದಿನ ಬೇರೆಯವರು ಎಸೆಯುವುದನ್ನು ನೋಡುತ್ತಿದ್ದವಳು ಅಂದು ದಾಳ ತಾನೇ ಕೇಳಿದಳು. ಪಾಯಿಂಟ್ ಎಂಟು. ಮುಂದಿನ ಎಸೆತಕ್ಕೆ ಏಳು. ಹಾಗೆ ಏಳು ಬಿದ್ದರೆ ದಾಳ ಮುಂದಿನವರ ಕೈಗೆ ಹೋಗುತ್ತದೆ; ಇನ್ನೊಬ್ಬರ ಸರದಿ ಕಳೆದು ಮತ್ತೆ ಎಸೆದಳು. ಪಾಯಿಂಟ್ ಒಂಬತ್ತು, ಮೂರನೆಯ ಎಸೆತಕ್ಕೆ ಏಳು. ಮೂರನೆಯ ಬಾರಿಯೂ ಹಾಗೇ. ನಾನು ಕೂಗಬೇಕು, ಕೂಗಿದೆ. ಆಕೆ ಪುಸ್ತಕ ತೆರೆದು ಆ ಕಪ್ಪು ಚೌಕಗಳನ್ನು ನೋಡಿದಳು.

"ಆರಕ್ಕೆ ಒಂದು ಅಂದ್ಯಲ್ಲ."

"ಒಂದೇ. ದಾಳಕ್ಕೆ ಹಿಂದಿಂದು ನೆನಪಿರಲ್ಲ, ಮಾರ್ವಾ. ಪ್ರತಿ ಸಲವೂ ಹೊಸದೇ."

"ಪುಸ್ತಕದಲ್ಲಿ ಅದು ಚಿಕ್ಕದಾಗಿತ್ತು," ಎಂದಳು. ಆಮೇಲೆ ಮೇಜಿನ ಅಂಚು ಹಿಡಿದುಕೊಂಡು, "ನಾನು ಅವನ್ನ ಒಪ್ಪಿಸ್ಬಾರ್ದಿತ್ತಾ? ಹೇಳು. ಬೇಡ ಅಂತ ಈಗ್ಲೂ ಫೋನ್ ಮಾಡ್ಬಹುದು."

ಆಡುವವರಿಗೆ ಡೀಲರ್ ಸಲಹೆ ಕೊಡುವಂತಿಲ್ಲ. ನಿಯಮ ಹೇಳಬಹುದು, ಎಷ್ಟಕ್ಕೆ ಎಷ್ಟು ಎಂದು ಹೇಳಬಹುದು, ಇಡು ಅಥವಾ ಬೇಡ ಎಂದು ಹೇಳಿದರೆ ಕೆಲಸ ಹೋಗುತ್ತದೆ. ನಾನು ಆಕೆಗೆ ಅದನ್ನೇ ಹೇಳಿದೆ. ಬೆಲೆಯಿಲ್ಲದ ಬಿಲ್ಲೆ ಇಟ್ಟುಕೊಂಡು ನಿಂತ ಅರವತ್ತೆಂಟು ವರ್ಷದ ಹೆಂಗಸಿಗೆ, ಕ್ಯಾಸಿನೊ ನಿಯಮದ ಹಿಂದೆ ಅಡಗಿಕೊಂಡು ಉತ್ತರ ಕೊಟ್ಟೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಯಾವ ಉತ್ತರ ಕೊಟ್ಟರೂ ಅದು ನನ್ನ ಕುತ್ತಿಗೆಗೆ ಬರುತ್ತಿತ್ತು. ಆಕೆ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಫೋನ್ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಆಸ್ಪತ್ರೆಗೆ ಹೋದೆ. ಡೆಲ್‌ನನ್ನು ಗಾಲಿ ಮಂಚದ ಮೇಲೆ ಮಲಗಿಸಿ ಆಗಲೇ ತಳ್ಳಿಕೊಂಡು ಹೊರಟಿದ್ದರು. ಮಾರ್ವಾಳನ್ನೂ ನನ್ನನ್ನೂ ನೋಡಿ ಹೊದಿಕೆಯೊಳಗಿಂದ ಕೈ ತೆಗೆದ. ಒಂದು ಚಪ್ಪಾಳೆ, ಆಮೇಲೆ ಎರಡೂ ಅಂಗೈ ಚಾವಣಿಯ ಕಡೆಗೆ.

"ಕೈ ಒಳಗಿಟ್ಕೋ, ಚಳಿಯಾಗತ್ತೆ," ಎಂದಳು ಮಾರ್ವಾ. "ಇಲ್ಯಾವ ಕ್ಯಾಮೆರಾ ಇದೆ ನಿಂಗೆ."

ಅವನು ನಕ್ಕ. ಬಾಗಿಲು ಮುಚ್ಚಿತು. ನಾನು ಕೆಲಸಕ್ಕೆ ಹೋಗಬೇಕಿತ್ತು, ಹೋದೆ.

ಅಂದು ಪಾಠಕ್ಕೆ ಆರು ಜನ. ಐಡಹೊ ಕಡೆಯ ಹಾಲ್ವರ್ಸನ್ ಎಂಬ ಮುದುಕಿ, ದಪ್ಪ ಕನ್ನಡಕ, ದಾಳವನ್ನು ಕೋಳಿಗೆ ಕಾಳು ಹಾಕುವ ಹಾಗೆ ಎಸೆಯುತ್ತಿದ್ದಳು. ಮೊದಲ ಎಸೆತಕ್ಕೆ ಪಾಯಿಂಟ್ ಆರು. ಐದು, ಹತ್ತು, ಆರು. ಎಲ್ಲರೂ ಗೆದ್ದರು. ಮತ್ತೆ ಪಾಯಿಂಟ್, ಮತ್ತೆ ಗೆಲುವು. ಹತ್ತು ಎಸೆತವಾಯಿತು, ಹದಿನೈದಾಯಿತು, ಅದು ಬರಲಿಲ್ಲ. ನಾನು ಯಾವಾಗ ಎಣಿಸಲು ಶುರುಮಾಡಿದೆನೋ ಗೊತ್ತಿಲ್ಲ. ಇಪ್ಪತ್ತು. ಪಕ್ಕದ ಮೇಜಿನವರೂ ಬಂದು ನಿಂತರು. ಕಾಸಿಲ್ಲದ ಆಟಕ್ಕೆ ಅಂಥ ಗುಂಪು ನಾನು ಕಂಡಿಲ್ಲ. ಇಪ್ಪತ್ತೈದು. ದಾಳಕ್ಕೆ ನೆನಪಿಲ್ಲ, ಕಿವಿಯಿಲ್ಲ, ಆಸ್ಪತ್ರೆ ಎಲ್ಲಿದೆ ಎಂದು ಗೊತ್ತಿಲ್ಲ. ಮೂರು ದಿನದ ಹಿಂದೆ ನಾನೇ ಪಾಠ ಹೇಳಿದ್ದೆ. ಆದರೂ ಒಳಗೊಳಗೇ, ಇವಳ ಕೈಯಲ್ಲಿ ದಾಳ ಇರುವವರೆಗೆ ಡೆಲ್‌ಗೆ ಏನೂ ಆಗುವುದಿಲ್ಲ ಎಂದು ನಂಬಿಬಿಟ್ಟೆ. ಇಪ್ಪತ್ತಾರು ವರ್ಷ ಆಟಗಾರರ ಇಂಥ ನಂಬಿಕೆಯನ್ನು ಆಡಿಕೊಂಡು ನಕ್ಕವನು ನಾನು.

ಇಪ್ಪತ್ತೊಂಬತ್ತನೆಯ ಎಸೆತ ಆದಾಗ ಬದಲಿ ಡೀಲರ್ ಬಂದು ಹೆಗಲು ತಟ್ಟಿದಳು. ಕೋಲು ಅವಳ ಕೈಗೆ ಕೊಟ್ಟು, ಚಪ್ಪಾಳೆ ತಟ್ಟಿ ಅಂಗೈ ತೋರಿಸಿ, ವಿಶ್ರಾಂತಿ ಕೋಣೆಗೆ ಹೆಚ್ಚುಕಡಿಮೆ ಓಡಿದೆ. ಮಾರ್ವಾಳ ನಂಬರು ಒತ್ತಿದೆ. ಆಕೆ ಹಲೋ ಎನ್ನುವುದಕ್ಕೂ ಬಿಡಲಿಲ್ಲ.

"ಮಾರ್ವಾ, ಇಲ್ಲೊಬ್ಬ ಅಜ್ಜಿ ನಲವತ್ತು ನಿಮಿಷದಿಂದ ಎಸೀತಿದಾಳೆ. ಇಪ್ಪತ್ತೊಂಬತ್ತು ಎಸೆತ. ಒಂದು ಸಲಾನೂ ಅದು ಬಂದಿಲ್ಲ, ಗೊತ್ತಾ. ಇನ್ನೂ ಅವಳ ಕೈಲೇ ಇದೆ."

ಆ ಕಡೆ ಯಾರೋ ಗಾಲಿ ತಳ್ಳಿಕೊಂಡು ಹೋದ ಸದ್ದು. ಆಮೇಲೆ ಆಕೆ ಉಸಿರು ಎಳೆದುಕೊಂಡದ್ದು.

"ಇಲ್ಲಿ ಬಂತು, ಆರ್ಲೋ," ಎಂದಳು.

ನಾನು ಏನೋ ಅಂದಿರಬೇಕು. ಆಕೆ ಕೇಳಿಸಿಕೊಳ್ಳಲಿಲ್ಲ.

"ಅರ್ಧ ಗಂಟೆ ಆಯ್ತು. ಯಾರ ತಪ್ಪೂ ಇಲ್ವಂತೆ. ಎಲ್ಲಾ ಸರಿಯಾಗೇ ಮಾಡಿದ್ರಂತೆ." ಮತ್ತೆ, "ಕೈ ಒಳಗಿಟ್ಕೋ ಅಂದ್ಬಿಟ್ನಲ್ಲೋ. ಅವನಿಗೆ ನಾನು ಕೊನೇಲಿ ಹೇಳಿದ್ದು ಅದು," ಎಂದಳು.

ಆಸ್ಪತ್ರೆಗೆ ಬರುತ್ತೇನೆ ಎಂದೆ. ಮೇಲಿನವರನ್ನು ಕೇಳಿದೆ. ಬದಲಿಯವಳು ಬೇರೆ ಮೇಜಿಗೆ ಹೋಗಬೇಕು, ಹನ್ನೊಂದಕ್ಕೆ ಪಾಠ ಮುಗಿಸಿ ಹೋಗು ಎಂದರು. ಜಗಳವಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮೇಜಿಗೆ ವಾಪಸು ಬಂದಾಗ ಗುಂಪು ಇನ್ನೂ ದೊಡ್ಡದಾಗಿತ್ತು. ನಲವತ್ತೊಂದು ಎಸೆತವಂತೆ. ಬದಲಿಯವಳು ಕೋಲನ್ನು ನನ್ನ ಕೈಗಿತ್ತು ಹೊರಟಳು.

"ಸಾಕಾಗಿದೆಯಪ್ಪ, ಕೈ ನೋಯ್ತಾ ಇದೆ," ಎಂದಳು ಹಾಲ್ವರ್ಸನ್ ಅಜ್ಜಿ, ನಗುತ್ತ. "ಇನ್ನೂ ಎಷ್ಟು ಹೊತ್ತು ನಾನೇ ಎಸೀಬೇಕು?"

ಹೊಸಬರು ಕೇಳಿದರೆ ನಿಯಮ ಹೇಳಬೇಕು. ಆ ಶಬ್ದವನ್ನು ಬಾಯಿಬಿಟ್ಟು ಹೇಳಲೇಬೇಕಾಯಿತು.

"ಏಳು ಬರೋವರೆಗೂ, ಮೇಡಂ," ಎಂದು ಕೋಲಿನಿಂದ ದಾಳಗಳನ್ನು ಆಕೆಯ ಮುಂದಕ್ಕೆ ತಳ್ಳಿದೆ.